ಮಗ್ಗ ನಿಂತ ಮನೆ

"ಅಯ್ಯಾ, ಅಕ್ಷರ ಬಾರದ ಅಪ್ಪ ಓದುವ ಮಗಳಿಗೆ ಮನೆಯಲ್ಲಿ ಯಾವ ಪ್ರಯೋಜನಕ್ಕೆ ಬಂದಾನು?"

ಕೇಳಿದವನು ತಿಪ್ಪಯ್ಯ ಎಂಬ ಶಿಷ್ಯ. ಹೆಂಡತಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮಗಳು ಒಂಬತ್ತನೆಯ ತರಗತಿ. ಇತ್ತೀಚೆಗೆ ಅವಳು ಪುಸ್ತಕ ಮುಟ್ಟುತ್ತಿರಲಿಲ್ಲ.

ಗುರು ಒಂದು ಕತೆ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನಿಗೂ ಒಬ್ಬಳೇ ಮಗಳು, ಹತ್ತನೆಯ ತರಗತಿ. ಅವನ ಹೆಂಡತಿಯೂ ಹೋಗಿಬಿಟ್ಟಳು. ಆಮೇಲೆ ಹುಡುಗಿಯ ಓದು ಕುಂಟಿತು. ಮೇಷ್ಟರು ನೇಕಾರನನ್ನು ಕರೆಸಿದರು.

"ಹೀಗೇ ಆದರೆ ಫೇಲಾಗ್ತಾಳಪ್ಪ. ಶಾಲೆಯಲ್ಲಿ ನಾವು ನೋಡ್ತೀವಿ. ಮನೆಯಲ್ಲಿ ನೀನು ನೋಡ್ಕೋ."

ನೇಕಾರ ದಾರಿಯುದ್ದಕ್ಕೂ ಯೋಚಿಸಿದ. ನೋಡಿಕೊಳ್ಳುವುದೆಂದರೆ ಏನು? ಪುಸ್ತಕ ಕೊಟ್ಟರೆ ಯಾವುದು ತಲೆ, ಯಾವುದು ಬುಡ ಎಂದು ತಿಳಿಯದವನು ಅವನು. ಕೊನೆಗೆ ಒಂದು ಉಪಾಯ ಹೊಳೆಯಿತು. ಓದುವವರಿಗೆ ಸದ್ದು ಆಗದು. ಅಷ್ಟಾದರೂ ತನ್ನ ಕೈಯಲ್ಲಿದೆ.

ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಮಗ್ಗ ನಿಲ್ಲಿಸಿದ. ಬಾಗಿಲ ಬಳಿ ಕೈಕಟ್ಟಿ ಕುಳಿತ. ಬೀದಿಯಲ್ಲಿ ಯಾರಾದರೂ ಜೋರಾಗಿ ಮಾತಾಡಿದರೆ ತುಟಿಯ ಮೇಲೆ ಬೆರಳಿಟ್ಟ. ಹುಡುಗಿ ಪುಸ್ತಕ ತೆರೆದು ಕೂರುತ್ತಿದ್ದಳು. ಹಾಳೆ ಮಾತ್ರ ತಿರುಗುತ್ತಿರಲಿಲ್ಲ.

ನಾಲ್ಕನೆಯ ದಿನ ಅವಳು ಪುಸ್ತಕ ಮುಚ್ಚಿದಳು.

"ಅಪ್ಪಾ, ಮಗ್ಗ ಯಾಕೆ ನಿಲ್ಸಿದ್ದೀಯ? ನಂಗೆ ಹೆದರಿಕೆ ಆಗುತ್ತೆ."

ನೇಕಾರರ ಮಕ್ಕಳು ಮಗ್ಗದ ಸದ್ದಿನಲ್ಲೇ ಮಲಗಿ ಬೆಳೆದವರು. ಸದ್ದು ಇದ್ದರೆ ಅವರಿಗೆ ಕೇಳಿಸುವುದಿಲ್ಲ. ನಿಂತರೆ ಕೇಳಿಸುತ್ತದೆ. ಆ ಮನೆಯಲ್ಲಿ ಹಿಂದೊಮ್ಮೆ ದೀಪ ಹಚ್ಚುವ ಹೊತ್ತಿಗೆ ಮಗ್ಗ ನಿಂತದ್ದು ಅವಳ ತಾಯಿ ಹೋದ ದಿನ.

ನೇಕಾರ ಬಾಗಿಲ ಬಳಿಯಿಂದ ಎದ್ದು ಮಗಳ ಪಕ್ಕ ಬಂದು ಕುಳಿತ. ಒಳ್ಳೆಯದು ಮಾಡುತ್ತೇನೆಂದು ದಿನವೂ ಆ ಸಂಜೆಯನ್ನೇ ಮನೆಯೊಳಗೆ ಕರೆದು ತಂದಿದ್ದ.

"ಹಾಗಾದ್ರೆ ಅವ್ವ ಇದ್ದಾಗ ಹೇಗೆ ಓದ್ತಿದ್ದೆ, ತಾಯಿ?"

"ಅವ್ವ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾ ಕೇಳೋಳು, ಇವತ್ತು ಏನು ಹೇಳಿದ್ರೇ ಅಂತ. ನಾನು ಹೇಳಿದ್ರೆ, ಹಂಗಂದ್ರೆ ಏನೇ ಅನ್ನೋಳು. ಅವಳಿಗೆ ಹೇಳ್ಬೇಕಲ್ಲ ಅಂತ ನಾನು ಮೊದಲೇ ಓದ್ಕೊಂಡಿರ್ತಿದ್ದೆ."

"ಅವಳಿಗೆ ಅರ್ಥ ಆಗ್ತಿತ್ತಾ?"

"ಎಲ್ಲಿ ಬಂತು! ಬೀಜಗಣಿತ ಅಂದ್ರೆ, ಯಾವ ಬೀಜವೇ, ಯಾವ ತಿಂಗಳಲ್ಲಿ ಬಿತ್ತೋದು ಅಂದ್ಲು."

ಹೇಳುತ್ತಾ ಹುಡುಗಿ ನಕ್ಕಳು. ತಾಯಿ ಹೋದ ಮೇಲೆ ಅದೇ ಮೊದಲು. ನೇಕಾರನೂ ನಕ್ಕ. ನಗುತ್ತಲೇ ಮೂಗು ಒರೆಸಿಕೊಂಡ. ಆಮೇಲೆ ಎದ್ದು ಮಗ್ಗದ ಗುಂಡಿಗೆ ಇಳಿದ. ಲಾಳಿ ಓಡಿತು. ಹಾಸಿನ ನೂಲಿನ ಮೇಲಿಂದ ಕಣ್ಣೆತ್ತದೆ ಕೇಳಿದ.

"ಇವತ್ತು ಏನು ಹೇಳಿದ್ರೇ?"

ಹುಡುಗಿ ಏನೋ ಹೇಳಿದಳು.

"ಹಂಗಂದ್ರೆ ಏನೇ?"

ಹುಡುಗಿ ಬಾಯಿ ತೆರೆದಳು, ನಿಲ್ಲಿಸಿದಳು. ಅವಳಿಗೂ ಗೊತ್ತಿರಲಿಲ್ಲ. ಹಾಳೆ ಹಿಂದಕ್ಕೆ ತಿರುಗಿಸಿ ಮೊದಲಿನಿಂದ ಓದತೊಡಗಿದಳು. ಮಗ್ಗದ ಸದ್ದಿನ ನಡುವೆಯೂ ಆ ಹಾಳೆಯ ಸದ್ದು ನೇಕಾರನಿಗೆ ಕೇಳಿಸಿತು. ಎದೆಯ ಮೇಲಿನ ಕಲ್ಲು ಇಳಿದಂತಾಯಿತು.

ಆ ವರ್ಷ ಹುಡುಗಿ ಪಾಸಾದಳು. ಗಣಿತದಲ್ಲಿ ಅಂಚಿನಲ್ಲಿ ಪಾರಾದಳು, ಆದರೂ ಪಾರಾದಳು. ಆ ಬೀಜ ಯಾವುದೆಂದು ನೇಕಾರನಿಗೆ ಇವತ್ತಿಗೂ ಗೊತ್ತಿಲ್ಲ.

ಗುರು ಕತೆ ನಿಲ್ಲಿಸಿದರು. ತಿಪ್ಪಯ್ಯನ ಮುಖ ಸ್ವಲ್ಪ ತಿಳಿಯಾಗಿತ್ತು. ಆದರೂ ಒಂದು ಅನುಮಾನ ಉಳಿದಿತ್ತು.

"ಅಯ್ಯಾ, ಅವನ ಮನೆಯಲ್ಲಿ ಮಗ್ಗ ಇತ್ತು. ನನ್ನ ಮನೆಯಲ್ಲಿ ಏನಿದೆ?"

"ಇಷ್ಟು ದೂರ ನಡೆದು ಬಂದು ನನ್ನನ್ನು ಕೇಳಿದೆ, ಮಗಳನ್ನು ಕೇಳಿದೆಯಾ?"

ತಿಪ್ಪಯ್ಯ ಹೊರಗಿನ ಬಿಸಿಲು ನೋಡಿದ. ಮಗಳ ಶಾಲೆ ಬಿಡುವ ಹೊತ್ತಾಗಿತ್ತು. ಎದ್ದ.