ಸಾಕವ್ವನ ಸುರುಳಿ

ಬಹಳ ಹಿಂದೆ, ಕರೆಂಟಿನ ಕಂಬಕ್ಕೂ ಜನ ಕೈಮುಗಿಯುತ್ತಿದ್ದ ಕಾಲದಲ್ಲಿ, ಹೊಳೆ ಧುಮುಕುವ ಕಣಿವೆಯಲ್ಲೊಂದು ಊರಿತ್ತಂತೆ. ಊರಿಗೊಂದು ಪವರ್‌ಹೌಸು, ಪವರ್‌ಹೌಸಿಗೊಬ್ಬಳು ಸಾಕವ್ವ. ಜನರೇಟರಿನ ಹೊಟ್ಟೆಯೊಳಗೆ ಕೂರುವ ತಾಮ್ರದ ಸುರುಳಿಗೆ ಅರಗು ಸವರಿದ ಕಾಗೆಬಂಗಾರದ ಪಟ್ಟಿ ಸುತ್ತುವುದು ಅವಳ ಕೆಲಸ. ಕರೆಂಟು ತಾಮ್ರ ಬಿಟ್ಟು ಆಚೆ ಹಾರದಂತೆ ಕಾಯುವುದು ಆ ಪಟ್ಟಿಯೇ. ಒಂದು ಸುತ್ತು ಹಿಂದಿನ ಸುತ್ತಿನ ಅರ್ಧ ಮುಚ್ಚಬೇಕು. ನಡುವೆ ಸುಕ್ಕು ಬಿತ್ತೋ, ಅಲ್ಲಿ ಗಾಳಿ ಕೂತಿತು. ಗಾಳಿ ಕೂತಲ್ಲಿ ಕರೆಂಟು ಕಚ್ಚಿತು. ಸಾಕವ್ವ ಬಳೆ ತೆಗೆದಿಟ್ಟು, ಸೀಗೆಪುಡಿಯಲ್ಲಿ ಕೈ ತೊಳೆದು ಒಣಗಿಸಿ ಕೂತಳೆಂದರೆ ಸುಕ್ಕಿನ ಮಾತೇ ಇಲ್ಲವಂತೆ.

ಅದೇ ಕೆಲಸಕ್ಕೆ ಅವಳಿಗಿಂತ ಮೊದಲು ಬಂದವನು ವೀರಾಚಾರಿ. ತಾಮ್ರ ಅವನ ಮನೆತನದ ಕಸುಬು. ಮೊನ್ನೆಮೊನ್ನೆಯವರೆಗೆ ಬೀಡಿ ಸುತ್ತಿಕೊಂಡಿದ್ದ ಹೆಂಗಸನ್ನು ಪವರ್‌ಹೌಸಿನ ಸಾಹೇಬರು ಹೊಗಳಿ, ಅವನ ಸುರುಳಿಯ ಮುಂದೆ ಸುಮ್ಮನೆ ಹಾದುಹೋದರೆ ಹೊಟ್ಟೆಗೆ ಕಿಚ್ಚು ಬೀಳದೆ ಇರುತ್ತದೆಯೇ? ಬಿತ್ತು. ಊಟಕ್ಕೆ ಕೂತರೂ ಅವನ ಬೆರಳು ತಟ್ಟೆಯ ಅಂಚಿನಲ್ಲಿ ಸುಕ್ಕು ಹುಡುಕುತ್ತಿತ್ತೆಂದು ಹೆಂಡತಿಯೇ ಹೇಳಿಕೊಂಡು ನಗುತ್ತಿದ್ದಳಂತೆ. ದಿನಾ ಸಂಜೆ ಸಾಕವ್ವ ಮನೆಗೆ ಹೋದ ಮೇಲೆ ಅವಳ ಸುರುಳಿಗಳನ್ನು ಕಣ್ಣುಮುಚ್ಚಿ ಸವರುವನು. ಏನೂ ಸಿಗದೆ ಹಲ್ಲು ಕಡಿಯುವನು.

ಒಂದು ದಿನ ಸಿಕ್ಕಿತು! ಸುರುಳಿ ಬಾಗುವ ಕಡೆ, ರಾಗಿಕಾಳಿನಷ್ಟು ಉಬ್ಬು. ಹೇಳಬೇಕೆ? ಹೇಳಲಿಲ್ಲ. ಮಿಶಿನ್ನು ಸುಡಲಿ, ಅವಳ ಹೆಸರೂ ಸುಡಲಿ ಎಂದುಕೊಂಡ. ಆದರೆ ಹೊಟ್ಟೆಕಿಚ್ಚಿಗೆ ತಾಳ್ಮೆ ಎಲ್ಲಿಯದು? ಎಲ್ಲ ಸುಟ್ಟು ಬೂದಿಯಾದ ಮೇಲೆ, ಆ ಸುಕ್ಕನ್ನು ಕಂಡವನು ತಾನೆಂದು ಯಾರಿಗೆ ಗೊತ್ತಾಗಬೇಕು? ಸುರುಳಿಯನ್ನು ಜನರೇಟರಿಗೆ ಕೂರಿಸಲು ಎತ್ತುವ ಹೊತ್ತಿಗೆ, ಸಾಹೇಬರ ಎದುರಿಗೇ, ಇಗೋ ನೋಡಿ ನಿಮ್ಮ ಸಾಕವ್ವನ ಕೈ ಎಂದು ಕೂಗಿಬಿಟ್ಟನಂತೆ.

ಸಾಕವ್ವ ಬಂದು ಮುಟ್ಟಿ ನೋಡಿದಳು. ಮುಖ ಕಪ್ಪಿಟ್ಟಿತು. ಅಲ್ಲೇ ಕೂತು ಪಟ್ಟಿ ಪೂರ್ತಿ ಬಿಚ್ಚಿ, ಮೊದಲಿನಿಂದ ಸುತ್ತಿದಳು. ಆಮೇಲೆ ಎದ್ದು, "ಆಚಾರ್ರೇ, ನೀವು ಕಾಣ್ದಿದ್ರೆ ಮಿಶಿನ್ ಪಕ್ಕ ನಿಂತೋರೂ ಉಳೀತಿರ್ಲಿಲ್ಲ. ಇನ್ಮೇಲೆ ನಾ ಸುತ್ತಿದ್ದನ್ನೆಲ್ಲ ನೀವೇ ಸವರಿ ನೋಡಿ. ನನ್ನ ಕಂಡ್ರೆ ಉರ್ಕೊಳ್ಳೋ ಬೆರಳಿಗಿಂತ ಚುರುಕಾದ ಬೆರಳು ಈ ಊರಲ್ಲಿಲ್ಲ" ಎಂದಳಂತೆ.

ಸಾಹೇಬರು ಹೂಂ ಅಂದರು. ವೀರಾಚಾರಿ ಸಿಕ್ಕಿಬಿದ್ದ. ಬದುಕಿರುವವರೆಗೂ ಹುಡುಕಿದ. ಅವನು ಹುಡುಕಿದಷ್ಟೂ ಅವಳ ಕೈ ಹದವಾಯಿತು. ಮತ್ತೆಂದೂ ಸಿಗಲಿಲ್ಲವಂತೆ. ಆ ಒಂದು ಸುಕ್ಕನ್ನು ಅವಳು ಬೇಕೆಂದೇ ಬಿಟ್ಟಿದ್ದಳು ಎನ್ನುವವರೂ ಇದ್ದಾರೆ. ನಾನಂತೂ ನಂಬುವುದಿಲ್ಲ.

ಆ ಕಣಿವೆಯಲ್ಲಿ ಇಂದಿಗೂ ಒಬ್ಬ ಸುತ್ತಿದ ಸುರುಳಿಯನ್ನು ಸವರಿ ನೋಡಲು ಅವನ ಗೆಳೆಯನ ಕೈಗೆ ಕೊಡುವುದಿಲ್ಲ. ಅವನನ್ನು ಕಂಡರಾಗದವನನ್ನೇ ಕರೆಸಿ, ಕಣ್ಣುಮುಚ್ಚಿಸಿ ಸವರಿಸುತ್ತಾರೆ. ಅದಕ್ಕೆ 'ಸಾಕವ್ವನ ಕೈ' ಎನ್ನುತ್ತಾರೆ. ಸವರಿದ್ದು ವೀರಾಚಾರಿ, ಹೆಸರು ಅವಳದು. ಪಾಪ, ಅದನ್ನು ಕೇಳಿದರೆ ಅವನು ಈಗಲೂ ಉರಿದುಕೊಳ್ಳುತ್ತಾನೆ.