ಚೂರಿನ ಮೇಲಿನ ಹೆಸರು

"ಗುರುಗಳೇ, ಒಂದು ಮಠಕ್ಕೆ ಪ್ರವಚನ ಹೇಳುವವರು ಇಬ್ಬರು ಏಕೆ ಬೇಕು?" ಎಂದು ಶಿಷ್ಯ ಇಂದುಧರ ಕೇಳಿದ.

ಇನ್ನೊಬ್ಬ ಪಂಚಾಕ್ಷರಿ. ಅವನು ಮಾತಾಡುವ ದಿನ ಜಗಲಿ ತುಂಬುತ್ತಿತ್ತು. ಇಂದುಧರನ ದಿನ ಬಂದವರಿಗೆಲ್ಲ ಒರಗಲು ಒಂದೊಂದು ಕಂಬ ಸಿಗುತ್ತಿತ್ತು.

"ಪಂಚಾಕ್ಷರಿಯನ್ನು ಬೇರೆ ಊರಿಗೆ ಕಳಿಸಿಬಿಡಿ. ಪಂಚಾಕ್ಷರಿ ಎಲ್ಲಿದ್ದರೂ ಬದುಕುತ್ತಾನೆ."

ಗುರುಗಳು ಹೇಳಿದರು:

ಗ್ರೀಕರ ನಾಡಿನಲ್ಲಿ ಬೆಟ್ಟದ ಮೇಲೊಂದು ಊರಿತ್ತು. ಅಲ್ಲಿ ವರ್ಷಕ್ಕೊಮ್ಮೆ ಜನ ಸೇರಿ, ಊರಿಗೆ ಬೇಡವಾದವನ ಹೆಸರನ್ನು ಮಡಕೆಯ ಚೂರಿನ ಮೇಲೆ ಗೀಚಿ ಹಾಕುತ್ತಿದ್ದರು. ಯಾರ ಹೆಸರಿನ ಚೂರು ಹೆಚ್ಚೋ ಅವನು ಹತ್ತು ವರ್ಷ ಊರು ಬಿಡಬೇಕು.

ಆ ಊರಿನಲ್ಲಿ ಲೈಕೋನ್ ಎಂಬ ಕುಂಬಾರನಿದ್ದ. ಅವನ ಪಕ್ಕದ ಮನೆಯವನೂ ಕುಂಬಾರ. ಕೆಲಸದಲ್ಲಿ ಅವನೇನೂ ಕಡಿಮೆಯಲ್ಲ. ಆದರೆ ಜನ ಲೈಕೋನನ ಬಾಗಿಲಲ್ಲೇ ನಿಲ್ಲುತ್ತಿದ್ದರು. ಪಕ್ಕದವನಿಗೆ ಅನ್ನ ಸೇರದಾಯಿತು.

ಚೂರು ಹಾಕುವ ದಿನ ಹತ್ತಿರ ಬಂತು. ಊರಿನಲ್ಲಿ ಬರೆಯಲು ಬಾರದವರೇ ಹೆಚ್ಚು. ಪಕ್ಕದವನು ಚೂರುಗಳ ಮೇಲೆ ಲೈಕೋನ್ ಎಂದು ತಾನೇ ಗೀಚಿ ಮನೆಮನೆಗೂ ಹಂಚಿದ. ಚೂರು ಸಾಲಲಿಲ್ಲ. ತಾನು ಮಾಡಿಟ್ಟ ಮಡಕೆಗಳನ್ನು ಒಡೆದ. ಮೊದಲು ಸೊಟ್ಟವು, ಆಮೇಲೆ ಒಳ್ಳೆಯವು.

ಹೆಂಡತಿ ಕೇಳಿದಳು: "ಅವನ ಮೇಲಿನ ಸಿಟ್ಟಿಗೆ ನಮ್ಮ ಮಡಕೆ ಯಾಕೆ ಒಡೀತೀರಿ?"

"ಅವನ ಮಡಕೆ ಒಡೆಯಬೇಕಾದರೆ ಕೊಂಡು ತರಬೇಕಲ್ಲೇ!"

ಲೈಕೋನ್ ಊರು ಬಿಟ್ಟ. ಬೆಟ್ಟದ ಕೆಳಗಿನ ಹಳ್ಳಿಯಲ್ಲಿ ತಿಗರಿ ಹೂಡಿದ. ಮರುದಿನ ಜನ ಮಡಕೆಗೆ ಪಕ್ಕದವನ ಬಾಗಿಲಿಗೆ ಬಂದರು. ಅಲ್ಲಿ ಒಂದೂ ಉಳಿದಿರಲಿಲ್ಲ. ಬೆಟ್ಟ ಇಳಿದು ಹೋದರು.

ಎರಡು ಸಾವಿರ ವರ್ಷಕ್ಕೂ ಮೇಲಾಯಿತು. ಊರು ಹಾಳಾಯಿತು. ಈಗ ಜನ ಟಿಕೆಟ್ ಕೊಂಡು ಆ ಬೆಟ್ಟ ಹತ್ತುತ್ತಾರೆ. ಮೊಣಕಾಲು ಹಿಡಿದುಕೊಂಡು ನಾನೂ ಹತ್ತಿದ್ದೇನೆ. ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಆ ಚೂರುಗಳಿವೆ. ನನ್ನ ಮುಂದಿದ್ದ ಹೆಂಗಸೊಬ್ಬಳು ಬಗ್ಗಿ ನೋಡಿ, "ಎಷ್ಟು ತೆಳು! ಎಂಥ ಕೈ! ಯಾರು ಮಾಡಿದ್ದು?" ಎಂದಳು. ಅವಳ ಗಂಡ ಚೂರಿನ ಮೇಲಿದ್ದುದನ್ನು ಓದಿ ಹೇಳಿದ: "ಲೈಕೋನ್."

ಗುರುಗಳು ಕತೆ ನಿಲ್ಲಿಸಿದರು.

ಇಂದುಧರ ತಡೆಯಲಾರದೆ, "ಅನ್ಯಾಯ! ಆ ಪಕ್ಕದವನ ಹೆಸರೇನು, ಗುರುಗಳೇ?" ಎಂದ.

"ಅದನ್ನು ಅವನೇ ಎಲ್ಲೂ ಬರೆಯಲಿಲ್ಲವಲ್ಲಪ್ಪ, ನೀನೂ ಬೆಳಗಿನಿಂದ ಪಂಚಾಕ್ಷರಿಯ ಹೆಸರನ್ನೇ ಹೇಳುತ್ತಿದ್ದೀಯೆ."