ಬ್ಯಾಡಪ್ಪನ ವಾಡೆ

ಕೃಷ್ಣೆಯ ದಂಡೆಯ ಕಲ್ಲಗೋನಾಳದಲ್ಲಿ ಬ್ಯಾಡಪ್ಪನ ವಾಡೆ ಎಂಬ ದೊಡ್ಡ ಹಾಳುಮನೆಯಿದೆ. ಅಂಗಳದ ಮೂರು ಬದಿಗೆ ಪಡಸಾಲೆ ಉಳಿದಿದೆ, ಮೂಡಣ ಬದಿಯಲ್ಲಿ ಬರಿಯ ಗೋಡೆ. ಯಾರೋ ಬೇಡ ನಾಯಕ ಕಟ್ಟಿಸಿದ್ದಿರಬೇಕೆಂದು ಹೊರಗಿನವರು ತಿಳಿಯುತ್ತಾರೆ. ಊರ ಹಿರಿಯರು ಹೇಳುವುದೇ ಬೇರೆ.

ಹಿಂದೆ ಒಮ್ಮೆ ಇಲ್ಲಿ ಗುರುಬಸಗೌಡನೆಂಬವನಿದ್ದನು. ಯಾರಿಗೂ ಇಲ್ಲವೆನ್ನಲು ಬಾರದ ಮನುಷ್ಯ. ಅವನ ಒಬ್ಬಳೇ ಮಗಳು ನೀಲಗಂಗೆಗೆ ಹೊಳೆಯಾಚೆಯ ದೇಸಗತಿ ಮನೆತನದ ವರ ಗೊತ್ತಾದನು. ಅಂಥ ಬೀಗರನ್ನು ತನ್ನ ಸಣ್ಣ ಮನೆಯಲ್ಲಿ ಎಲ್ಲಿ ಕೂಡಿಸುವುದೆಂದು ಗೌಡನಿಗೆ ನಾಚಿಕೆ. ವಂಶ ಅಳಿದು ನಲವತ್ತು ವರ್ಷ ಖಾಲಿ ಬಿದ್ದಿದ್ದ ಸರದೇಸಾಯರ ವಾಡೆಯಲ್ಲೇ ಮದುವೆ ಮಾಡಬೇಕೆಂದು ನಿಶ್ಚಯಿಸಿದನು. ಸುಣ್ಣ ಬಳಿಸಿದನು, ಅಂಗಳದಲ್ಲಿ ಹಂದರ ಹಾಕಿಸಿದನು. ಗೌಂಡಿ ಮೌಲಾಸಾಬ ತೊಲೆಗಳನ್ನು ಬಡಿದು ನೋಡಿ, "ಗೌಡ್ರ, ಮೂಡಣ ಮಾಳಿಗಿ ತೊಲಿ ಗೆದ್ದಲ ತಿಂದಾವ್ರಿ. ಮ್ಯಾಲ ಯಾರನ್ನೂ ಹತ್ತಿಸಬ್ಯಾಡ್ರಿ" ಎಂದನು. ಗೌಡ ಮೆಟ್ಟಿಲ ಬಾಗಿಲಿಗೆ ಬೀಗ ಜಡಿದು ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡನು.

ಮದುವೆಯ ಮುಂಜಾನೆ ವರನ ತಾಯಿ ಬಂದು, "ಬೀಗರ, ನಮ್ಮ ಹೆಣ್ಮಕ್ಕಳು ಗಂಡಸರ ನಡುವ ನಿಂತು ಅಕ್ಕಿಕಾಳು ಹಾಕೂ ಪದ್ಧತಿ ಇಲ್ಲ. ಮಾಳಿಗಿ ತೆಗೆಸ್ರಿ" ಎಂದಳು. ತೊಲೆ ಹಾಳಾಗಿದೆ ಎಂದರೆ, ಹಾಳುಮನೆಗೆ ಕರೆಸಿದನೆಂದು ಬೀಗರು ಎದ್ದು ಹೋದಾರೆಂದು ಗೌಡನಿಗೆ ಭಯ. ಗಳಿಗೆ ಹೊತ್ತಿನ ಮಾತು, ಏನೂ ಆಗಲಿಕ್ಕಿಲ್ಲ ಎಂದುಕೊಂಡು ಕೀಲಿ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟನು. ಅವಳು ಬೀಗಿತಿಯರನ್ನು ಕೈಹಿಡಿದು ಮೇಲೆ ಕರೆದೊಯ್ದಳು. ಅಕ್ಕಿಕಾಳು ಬೀಳುವ ಮೊದಲೇ ಮಾಳಿಗೆ ಬಿತ್ತು. ಮಣ್ಣಿನಡಿಯಿಂದ ಹದಿನಾಲ್ಕು ಹೆಣ್ಣುಮಕ್ಕಳ ಹೆಣ ತೆಗೆದರು ಎನ್ನುತ್ತಾರೆ. ಅದರಲ್ಲಿ ಗೌಡನ ಹೆಂಡತಿಯೂ ಇದ್ದಳು, ವರನ ತಾಯಿಯೂ ಇದ್ದಳು. ತಾಳಿ ಕಟ್ಟಲೇ ಇಲ್ಲ. ದಿಬ್ಬಣ ತನ್ನ ಹೆಣಗಳೊಡನೆ ಹೊಳೆ ದಾಟಿತು.

ತಾಯಿಯ ಮಣ್ಣು ಮುಗಿದ ಮೇಲೆ ನೀಲಗಂಗೆ ಸೋದರಮಾವನ ಊರಿಗೆ ಹೊರಟಳು. ಹೋಗುವಾಗ ತಂದೆಯನ್ನು ಒಂದೇ ಮಾತು ಕೇಳಿದಳು: "ಅಪ್ಪಾ, ಒಂದ ಸಲ ಬ್ಯಾಡ ಅನ್ನಾಕ ಆಗಲಿಲ್ಲೇನು?" ಅವಳು ಮತ್ತೆ ಬರಲಿಲ್ಲ.

ಅಂದಿನಿಂದ ಅವನು ವಾಡೆಯ ಹೊಸ್ತಿಲು ಬಿಟ್ಟು ಕದಲಲಿಲ್ಲ. ನೆರಳಿಗೆಂದು ದನಗಾಹಿಗಳು ಬಂದರೂ ಎರಡೂ ಕೈ ಅಡ್ಡ ಹಿಡಿದು, "ಬ್ಯಾಡಪ್ಪಾ, ಬ್ಯಾಡ" ಎನ್ನುತ್ತಿದ್ದನು. ಬೇರೆ ಮಾತೇ ಉಳಿಯಲಿಲ್ಲ. ಕ್ರಮೇಣ ಜನ ಅವನ ಹೆಸರನ್ನೂ ಸರದೇಸಾಯರ ಹೆಸರನ್ನೂ ಮರೆತರು.

ಹಳೆಯ ಮನೆಯಲ್ಲಿ ಮದುವೆ ಚೆಂದವೆಂದು ಈಗಲೂ ಪೇಟೆಯವರು ಬಂದು ವಾಡೆ ಕೇಳುವುದುಂಟು. ಊರವರು ಅವರನ್ನು ಒಳಗೆ ಕರೆದೊಯ್ದು ಮೂಡಣ ಗೋಡೆಯ ಬುಡದ ಮಣ್ಣಿನ ದಿಬ್ಬ ತೋರಿಸುತ್ತಾರೆ. ಅದನ್ನು ಯಾರೂ ಎತ್ತಿ ಹಾಕಿಲ್ಲ. ದೊಡ್ಡ ಮಳೆಯಾದ ಮರುದಿನ ಅದರ ಮೈಮೇಲೆ ಹಸಿರು ಬಳೆಚೂರುಗಳು ಎದ್ದಿರುತ್ತವೆ.